ಹಾವೇರಿ ಲೋಕಸಭಾ ಚುನಾವಣೆ: ಕದರಮಂಡಲಗಿ ಸೀಮೆಯಲ್ಲಿ ಪಕ್ಷಗಳ ಹೋಲಿಕೆ

ಕದರಮಂಡಲಗಿ ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗ್ರಾಮ. ಕಾಂತೇಶನೆಂದು ಕರೆಸಿಕೊಳ್ಳುವ ಆಂಜನೇಯನ ಗುಡಿಯಿಂದಾಗಿ ನಾಡಿನಾದ್ಯಂತ ಹೆಸರಾಗಿದೆ. ಇಲ್ಲಿನ ಕಾಂತೇಶ, ಹಿರೇಕೆರೂರು ತಾಲ್ಲೂಕು ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಮುಗಿಸುವುದು ಭಕ್ತರ ಹರಕೆ. ಕನಕದಾಸರ ನೆನಪಿನೊಂದಿಗೂ ಊರು ಹೆಣೆದುಕೊಂಡಿದೆ. ಅವರ ಕಾಗಿನೆಲೆ ಇದೇ ತಾಲ್ಲೂಕಿನಲ್ಲಿದೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಈ ಸೀಮೆಯ ಬದುಕು. ಸಂಸತ್ ಚುನಾವಣೆಗೆ ಊರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತದೆ.

ಈ ಕ್ಷೇತ್ರದಲ್ಲಿ ಪಕ್ಷಗಳನ್ನು ಹೋಲಿಸುವುದೆಂದರೆ ಕಾಂಗ್ರೆಸ್ ಮತ್ತು ಭಾರತೀಯ ಜನತಾ ಪಕ್ಷಗಳನ್ನು ಹೋಲಿಸುವುದು. ಮೂರನೆಯ ಪಕ್ಷದ ಪಾಲು ಈಗ ಬಹಳ ಸಣ್ಣದು. ಆದರೂ ಹೋಲಿಕೆ ಸುಲಭವಲ್ಲ. ಜನ ತಮ್ಮ ಮಾತಿನಲ್ಲೇ ‘ಎಂಎಲ್‌ಎ ಎಲೆಕ್ಷನ್’, ‘ಎಂಪಿ ಎಲೆಕ್ಷನ್’ ಎಂದು ಎರಡನ್ನು ಬೇರೆ ಇಟ್ಟಿದ್ದಾರೆ. ಪ್ರಚಾರ ಮಾತ್ರ ಎರಡನ್ನೂ ಕಲಸಿಬಿಡುತ್ತದೆ. ಪುಕ್ಕಟೆ ಬಸ್ಸು, ಕೆರೆ ತುಂಬಿಸುವ ಕಾಲುವೆ, ರೈಲು ಮಾರ್ಗ, ಬೆಂಬಲ ಬೆಲೆ, ಮೀಸಲಾತಿ ಎಲ್ಲವೂ ಒಂದೇ ಭಾಷಣದಲ್ಲಿ ಬರುತ್ತವೆ. ಇವುಗಳಲ್ಲಿ ಯಾವುದು ದೆಹಲಿಯ ಕೈಯಲ್ಲಿದೆ, ಯಾವುದು ಬೆಂಗಳೂರಿನ ಕೈಯಲ್ಲಿದೆ ಎಂಬುದನ್ನು ಬಿಡಿಸಿ ನೋಡದ ಹೋಲಿಕೆ ಸಂಸತ್ ಚುನಾವಣೆಯ ಮತದಾರನಿಗೆ ಉಪಯೋಗಕ್ಕೆ ಬರುವುದಿಲ್ಲ.

ಕ್ಷೇತ್ರದ ಸ್ವರೂಪ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾಯಿತು. ಲೋಕಸಭಾ ಕ್ಷೇತ್ರಕ್ಕೆ ಹಾವೇರಿಯ ಹೆಸರು ಬಂದದ್ದು 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ. ಅದಕ್ಕೂ ಮೊದಲು ಅದು ಧಾರವಾಡ ದಕ್ಷಿಣ. ಈಗಿನ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಹಾನಗಲ್, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೇಬೆನ್ನೂರು ಹಾವೇರಿ ಜಿಲ್ಲೆಯವು. ಗದಗ, ರೋಣ, ಶಿರಹಟ್ಟಿ ಗದಗ ಜಿಲ್ಲೆಯವು. ಜಿಲ್ಲೆಯ ಆರನೆಯ ಕ್ಷೇತ್ರವಾದ ಶಿಗ್ಗಾಂವಿ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿದೆ. ಹೀಗಾಗಿ ಇಲ್ಲಿನ ಸಂಸದ ಮಲೆನಾಡಿನ ಸೆರಗಿನ ಹಾನಗಲ್ಲಿನ ಭತ್ತದವರಿಗೂ ಮಳೆ ನಂಬಿದ ರೋಣದ ಎರೆಹೊಲದವರಿಗೂ ಒಟ್ಟಿಗೆ ಉತ್ತರ ಕೊಡಬೇಕು. ರೋಣದ ಕಡೆ ಮಹದಾಯಿ ನದಿಯ ನೀರು ಎಂದರೆ ಜೀವನ್ಮರಣದ ಮಾತು. ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ದರ ಅದಕ್ಕಿಂತ ದೊಡ್ಡ ಮಾತು.

ಚುನಾವಣಾ ಇತಿಹಾಸ

ಕಾಂಗ್ರೆಸ್ಸಿನ ಬೇರು ಈ ನೆಲದಲ್ಲಿ ಸ್ವಾತಂತ್ರ್ಯ ಹೋರಾಟದ ಕಾಲದ್ದು. ಗಾಂಧೀಜಿಯೊಡನೆ ದಂಡಿಯಾತ್ರೆಯಲ್ಲಿ ನಡೆದ, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಮೈಲಾರ ಮಹಾದೇವಪ್ಪನವರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನವರು. ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿ ಅದೇ ತಲೆಮಾರಿನ ನಾಯಕರು. ಆ ಪುಣ್ಯ ಪಕ್ಷವನ್ನು ಬಹುಕಾಲ ಕಾಯಿತು. 1962ರಿಂದ ಧಾರವಾಡ ದಕ್ಷಿಣವನ್ನು ಎಫ್.ಎಚ್. ಮೊಹ್ಸಿನ್ ಸತತವಾಗಿ ಪ್ರತಿನಿಧಿಸಿದರು. 1984ರಲ್ಲಿ ಅಜೀಜ್ ಸೇಟ್, 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್, 1996ರಲ್ಲಿ ಐ.ಜಿ. ಸನದಿ ಗೆದ್ದರು. ಎಲ್ಲರೂ ಕಾಂಗ್ರೆಸ್ಸಿನವರು, ಎಲ್ಲರೂ ಮುಸ್ಲಿಮರು. ಲಿಂಗಾಯತರು, ಕುರುಬರು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರವೊಂದು ಮೂರು ದಶಕಗಳಿಗೂ ಹೆಚ್ಚು ಕಾಲ ಹೀಗೆ ಮತ ಹಾಕಿತೆಂಬುದನ್ನು ಜಾತಿ ಲೆಕ್ಕವೇ ಎಲ್ಲವೂ ಎನ್ನುವವರು ಮರೆಯಬಾರದು. 1996ರಲ್ಲಿ ಎಚ್.ಡಿ. ದೇವೇಗೌಡರ ಜನತಾದಳ ರಾಜ್ಯದ 28ರಲ್ಲಿ 16 ಸ್ಥಾನ ಗೆದ್ದಾಗಲೂ ಈ ಕ್ಷೇತ್ರ ಕಾಂಗ್ರೆಸ್ಸನ್ನು ಬಿಡಲಿಲ್ಲ.

ಬಿರುಕು ಕಂಡದ್ದು 1998ರಲ್ಲಿ. ರಾಮಕೃಷ್ಣ ಹೆಗಡೆಯವರ ಲೋಕಶಕ್ತಿ ಬಿಜೆಪಿಯ ಜೊತೆಗೂಡಿ ರಾಜ್ಯದಲ್ಲಿ ಮೂರು ಸ್ಥಾನ ಗೆದ್ದಿತು, ಅದರಲ್ಲಿ ಬಿ.ಎಂ. ಮೆಣಸಿನಕಾಯಿ ಗೆದ್ದ ಧಾರವಾಡ ದಕ್ಷಿಣವೂ ಒಂದು. ಮರುವರ್ಷ ಸನದಿ ಅದನ್ನು ಹಿಂಪಡೆದರು. 2004ರಲ್ಲಿ ಮಂಜುನಾಥ ಕುನ್ನೂರ ಗೆಲ್ಲುವುದರೊಂದಿಗೆ ಬಿಜೆಪಿ ತನ್ನದೇ ಚಿಹ್ನೆಯಲ್ಲಿ ಮೊದಲ ಬಾರಿ ಇಲ್ಲಿ ನೆಲೆಯೂರಿತು. ಆಮೇಲೆ ಒಂದೂ ಲೋಕಸಭಾ ಚುನಾವಣೆಯಲ್ಲಿ ಅದು ಇಲ್ಲಿ ಸೋತಿಲ್ಲ.

ಹಾವೇರಿ ಹೆಸರಿನ ನಂತರದ ನಾಲ್ಕು ಚುನಾವಣೆಗಳ ಅಂಕಿಗಳನ್ನು ಒಟ್ಟಿಗೆ ಓದಬೇಕು. 2009ರಲ್ಲಿ ಬಿಜೆಪಿಯ ಶಿವಕುಮಾರ ಉದಾಸಿ 4,30,293 ಮತ ಪಡೆದು ಕಾಂಗ್ರೆಸ್ಸಿನ ಸಲೀಂ ಅಹ್ಮದ್ ಅವರನ್ನು 87,920 ಮತಗಳಿಂದ ಸೋಲಿಸಿದರು. 2014ರಲ್ಲಿ ಅದೇ ಇಬ್ಬರ ನಡುವೆ ಅಂತರ 87,571. ನರೇಂದ್ರ ಮೋದಿ ಅಲೆಯೆಂದು ದೇಶವೆಲ್ಲ ಮಾತಾಡಿದ ವರ್ಷದಲ್ಲಿ ಇಲ್ಲಿನ ಅಂತರ ಹಿಂದಿನ ಸಲಕ್ಕಿಂತ ಕೊಂಚ ಇಳಿದಿತ್ತು. 2019ರಲ್ಲಿ ಉದಾಸಿ ಕಾಂಗ್ರೆಸ್ಸಿನ ಹುಲಕೋಟಿಯ ಡಿ.ಆರ್. ಪಾಟೀಲರನ್ನು 1,40,882 ಮತಗಳಿಂದ ಸೋಲಿಸಿದರು. 2024ರ ಮೇ 7ರ ಮತದಾನದಲ್ಲಿ ಬಿಜೆಪಿಯ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 7,05,538 ಮತಗಳನ್ನೂ ಕಾಂಗ್ರೆಸ್ಸಿನ ಆನಂದಸ್ವಾಮಿ ಗಡ್ಡದೇವರಮಠ 6,62,025 ಮತಗಳನ್ನೂ ಪಡೆದರು. ಅಂತರ 43,513ಕ್ಕೆ ಕುಸಿಯಿತು. ಐದು ವರ್ಷದಲ್ಲಿ ಬಿಜೆಪಿಗೆ ಕೂಡಿದ್ದು ಸುಮಾರು 22 ಸಾವಿರ ಮತ. ಕಾಂಗ್ರೆಸ್ಸಿಗೆ ಕೂಡಿದ್ದು 1.19 ಲಕ್ಷ.

ಈ ಫಲಿತಾಂಶದ ತೂಕ ತಿಳಿಯಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ ಎಂಟರಲ್ಲಿ ಏಳು ಕ್ಷೇತ್ರಗಳನ್ನು ಕಾಂಗ್ರೆಸ್ ಗೆದ್ದಿತ್ತು: ಬ್ಯಾಡಗಿಯಲ್ಲಿ ಬಸವರಾಜ ಶಿವಣ್ಣನವರ, ರಾಣೇಬೆನ್ನೂರಿನಲ್ಲಿ ಪ್ರಕಾಶ ಕೋಳಿವಾಡ, ಹಾವೇರಿಯಲ್ಲಿ ರುದ್ರಪ್ಪ ಲಮಾಣಿ, ಹಾನಗಲ್ಲಿನಲ್ಲಿ ಶ್ರೀನಿವಾಸ ಮಾನೆ, ಹಿರೇಕೆರೂರಿನಲ್ಲಿ ಯು.ಬಿ. ಬಣಕಾರ, ಗದಗದಲ್ಲಿ ಎಚ್.ಕೆ. ಪಾಟೀಲ, ರೋಣದಲ್ಲಿ ಜಿ.ಎಸ್. ಪಾಟೀಲ. ಬಿಜೆಪಿಗೆ ಉಳಿದದ್ದು ಶಿರಹಟ್ಟಿ ಒಂದೇ. ಬೊಮ್ಮಾಯಿಯವರ ಸ್ವಂತ ವಿಧಾನಸಭಾ ಕ್ಷೇತ್ರವಾಗಿದ್ದ ಶಿಗ್ಗಾಂವಿ ಈ ಲೋಕಸಭಾ ಕ್ಷೇತ್ರದೊಳಗೆ ಇಲ್ಲವೇ ಇಲ್ಲ. ಏಳು ಶಾಸಕರು ಎದುರು ಪಕ್ಷದವರಾಗಿದ್ದರೂ ಬಿಜೆಪಿ ಗೆದ್ದಿತೆಂದರೆ ಮತದಾರ ಎರಡು ಚುನಾವಣೆಗಳನ್ನು ಎರಡು ತಕ್ಕಡಿಗಳಲ್ಲಿ ತೂಗಿದ್ದಾನೆ. ಅಂತರ ಅರ್ಧಕ್ಕಿಂತ ಕೆಳಗಿಳಿಯಿತೆಂದರೆ ಒಂದು ತಕ್ಕಡಿಯ ತೂಕ ಇನ್ನೊಂದನ್ನೂ ಜಗ್ಗಿದೆ. ಮತದಾರ ಗೊಂದಲಕ್ಕೆ ಬಿದ್ದನೆಂದು ಪಕ್ಷದವರು ಹೇಳಿಕೊಳ್ಳುವುದುಂಟು. ಅಂಕಿಗಳು ಹಾಗೆ ಹೇಳುವುದಿಲ್ಲ.

ಪ್ರಣಾಳಿಕೆಗಳು

2024ರ ಏಪ್ರಿಲ್ 5ರಂದು ಕಾಂಗ್ರೆಸ್ ‘ನ್ಯಾಯ ಪತ್ರ’ವನ್ನೂ ಏಪ್ರಿಲ್ 14ರಂದು ಬಿಜೆಪಿ ‘ಸಂಕಲ್ಪ ಪತ್ರ’ವನ್ನೂ ಹೊರತಂದವು. ಕಾಂಗ್ರೆಸ್ಸಿನದು ಐದು ನ್ಯಾಯ, 25 ಗ್ಯಾರಂಟಿ: ಬಡ ಕುಟುಂಬದ ಮಹಿಳೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ, ಬೆಂಬಲ ಬೆಲೆಗೆ ಕಾನೂನಿನ ಬಲ, ಪದವೀಧರ ಯುವಕರಿಗೆ ಒಂದು ವರ್ಷದ ತರಬೇತಿ ಉದ್ಯೋಗ, ಉದ್ಯೋಗ ಖಾತ್ರಿಯಲ್ಲಿ ದಿನಕ್ಕೆ 400 ರೂಪಾಯಿ ಕೂಲಿ, ದೇಶವ್ಯಾಪಿ ಜಾತಿಗಣತಿ, ಮೀಸಲಾತಿಯ ಶೇ 50ರ ಮಿತಿಯನ್ನು ಎತ್ತುವುದು. ಬಿಜೆಪಿಯದು ‘ಮೋದಿ ಗ್ಯಾರಂಟಿ’: ಇನ್ನೂ ಐದು ವರ್ಷ ಪುಕ್ಕಟೆ ಪಡಿತರ, ಪಿಎಂ ಕಿಸಾನ್ ಹಣದ ಮುಂದುವರಿಕೆ, ಮೂರು ಕೋಟಿ ಹೊಸ ಮನೆ, 70 ದಾಟಿದವರಿಗೆಲ್ಲ ಆಯುಷ್ಮಾನ್ ಚಿಕಿತ್ಸೆ, ಮುದ್ರಾ ಸಾಲದ ಮಿತಿ 20 ಲಕ್ಷಕ್ಕೆ ಏರಿಕೆ, ಏಕರೂಪ ನಾಗರಿಕ ಸಂಹಿತೆ, ಒಂದು ದೇಶ ಒಂದು ಚುನಾವಣೆ.

ಕರ್ನಾಟಕದಲ್ಲಿ ಈ ಎರಡು ದಾಖಲೆಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ರಾಜ್ಯದ ಕಾಂಗ್ರೆಸ್ ಸರ್ಕಾರ ಆಗಲೇ ಜಾರಿಗೆ ತಂದಿದ್ದ ಐದು ಗ್ಯಾರಂಟಿಗಳು. ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ, 2023ರ ಜೂನ್ 11ರಿಂದ ಓಡಿದ ಶಕ್ತಿ ಯೋಜನೆಯ ಪುಕ್ಕಟೆ ಬಸ್ಸು ಹಳ್ಳಿಯ ಹೆಣ್ಣುಮಕ್ಕಳ ದಿನಚರಿಯನ್ನೇ ಬದಲಿಸಿದವು. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುವ ಕೆಲಸ ಹೆಚ್ಚಾಗಿ ಹೆಂಗಸರದೇ; ಸುತ್ತಲಿನ ಹಳ್ಳಿಗಳಿಂದ ಬಂದು ಹೋಗುವ ಬಸ್ ಖರ್ಚು ಉಳಿಯಿತೆಂದರೆ ಅದು ಕೂಲಿ ಏರಿದಂತೆಯೇ. ಆದರೆ ಈ ಯೋಜನೆಗಳು ವಿಧಾನಸಭೆ ಚುನಾವಣೆಯ ಫಲ. ಲೋಕಸಭೆಯಲ್ಲಿ ಯಾರು ಗೆದ್ದರೂ ಅವುಗಳ ಉಳಿವು ಬೆಂಗಳೂರಿನ ಬಜೆಟ್ಟಿನ ಮೇಲೆ ನಿಂತಿದೆ. ಇತ್ತ ಬಿಜೆಪಿಯೂ ರಾಜ್ಯದ ಕಥೆಯನ್ನೇ ಎತ್ತಿತು: ಪಿಎಂ ಕಿಸಾನ್‌ನ 6,000 ರೂಪಾಯಿಗೆ ತನ್ನ ರಾಜ್ಯ ಸರ್ಕಾರ ಕೂಡಿಸುತ್ತಿದ್ದ 4,000 ರೂಪಾಯಿಯನ್ನು ಕಾಂಗ್ರೆಸ್ ನಿಲ್ಲಿಸಿತೆಂಬುದು ಅದರ ದೂರು. ಆ ದೂರು ನಿಜ. ಆದರೆ ಅದನ್ನು ಸಂಸದರು ಸರಿಪಡಿಸಲಾಗದು.

ಮೆಣಸಿನಕಾಯಿ ಮತ್ತು ಗೋವಿನಜೋಳ

ಪಕ್ಷಗಳ ನಿಜವಾದ ಪರೀಕ್ಷೆ ಬೆಳೆಯ ಬೆಲೆಯಲ್ಲಿದೆ. ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆ ದೇಶದ ಬಹುದೊಡ್ಡ ಒಣಮೆಣಸಿನಕಾಯಿ ಪೇಟೆಗಳಲ್ಲೊಂದು. ಕಡ್ಡಿ, ಡಬ್ಬಿ ತಳಿಗಳ ಗಾಢ ಕೆಂಪು ಮತ್ತು ಕಡಿಮೆ ಖಾರಕ್ಕಾಗಿ ‘ಬ್ಯಾಡಗಿ ಮೆಣಸಿನಕಾಯಿ’ಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಬಣ್ಣದ ಎಣ್ಣೆ ತೆಗೆಯುವ ಕಾರ್ಖಾನೆಗಳು ಇದನ್ನೇ ಕೇಳುತ್ತವೆ. ಪೇಟೆಗೆ ಬರುವ ಮಾಲು ಈಗ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯದು. ಸ್ವತಃ ಬ್ಯಾಡಗಿ ತಾಲ್ಲೂಕಿನ ಹೊಲಗಳು ಗೋವಿನಜೋಳಕ್ಕೆ ತಿರುಗಿವೆ.

2024ರ ಮಾರ್ಚ್ 11, ಸೋಮವಾರ. ಟೆಂಡರಿನಲ್ಲಿ ದರ ದಿಢೀರನೆ ಬಿದ್ದಿತೆಂದು ಸಿಟ್ಟಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದರು. ವಾಹನಗಳಿಗೆ ಬೆಂಕಿ ಬಿತ್ತು. ಐದೇ ದಿನಕ್ಕೆ, ಮಾರ್ಚ್ 16ರಂದು, ಲೋಕಸಭಾ ಚುನಾವಣೆ ಘೋಷಣೆಯಾಯಿತು. ಎರಡೂ ಪಕ್ಷಗಳು ಪರಸ್ಪರ ಬೆರಳು ತೋರಿಸಿದವು. ಯಾರ ಹೊಣೆ ಎಷ್ಟು? ಮಾರುಕಟ್ಟೆ ಸಮಿತಿ, ಟೆಂಡರ್ ವ್ಯವಸ್ಥೆ, ಶೀತಲಗೃಹಗಳ ನಿಯಂತ್ರಣ, ಬಂದೋಬಸ್ತು ರಾಜ್ಯದ್ದು. ಆಮದು ಸುಂಕ, ರಫ್ತು ನೀತಿ, ಸಾಂಬಾರ ಮಂಡಳಿ ಕೇಂದ್ರದ್ದು. ಬೆಂಬಲ ಬೆಲೆಯನ್ನು ಕೇಂದ್ರ ಘೋಷಿಸುವುದು 22 ಬೆಳೆಗಳಿಗೆ. ಮೆಣಸಿನಕಾಯಿ ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಬೆಂಬಲ ಬೆಲೆಗೆ ಕಾನೂನು ತರುವ ಕಾಂಗ್ರೆಸ್ಸಿನ ಭರವಸೆ ಈಡೇರಿದರೂ ಪಟ್ಟಿ ಬೆಳೆಯದ ಹೊರತು ಬ್ಯಾಡಗಿ ಪೇಟೆಗೆ ಚೀಲ ತಂದ ರೈತನಿಗೆ ಅದರಿಂದ ಏನೂ ದಕ್ಕದು. ಬೆಂಬಲ ಬೆಲೆಯನ್ನು ಕಾಲಕಾಲಕ್ಕೆ ಏರಿಸುತ್ತೇವೆಂಬ ಬಿಜೆಪಿಯ ಮಾತಿಗೂ ಅದೇ ಕೊರತೆ. ಇಂಥ ಬೆಳೆಗಳಿಗೆ ಇರುವ ದಾರಿ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ. ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು. 2025ರ ಫೆಬ್ರುವರಿಯಲ್ಲಿ ಆಂಧ್ರಪ್ರದೇಶದ ಮೆಣಸಿನಕಾಯಿಗೆ ಈ ಯೋಜನೆಯಡಿ ಕ್ವಿಂಟಲಿಗೆ 11,781 ರೂಪಾಯಿ ನಿಗದಿಯಾದದ್ದನ್ನು ನೋಡಿದರೆ ಇದು ಕಾಗದದ ಮೇಲಿನ ಮಾತಲ್ಲವೆಂದು ತಿಳಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿಗೂ ಇದನ್ನು ತರುವಿರಾ ಎಂಬುದು ಹಾವೇರಿಯ ಸಂಸದರಾಗಬಯಸುವ ಪ್ರತಿಯೊಬ್ಬರನ್ನೂ ಕೇಳಬೇಕಾದ ಮೊದಲ ಪ್ರಶ್ನೆ.

ಗೋವಿನಜೋಳ ಪಟ್ಟಿಯಲ್ಲಿದೆ. 2023-24ರಲ್ಲಿ ಅದರ ಬೆಂಬಲ ಬೆಲೆ ಕ್ವಿಂಟಲಿಗೆ 2,090 ರೂಪಾಯಿ, 2025-26ರಲ್ಲಿ 2,400. ಆದರೆ ಖರೀದಿ ಕೇಂದ್ರ ತೆರೆಯದಿದ್ದರೆ ಬೆಂಬಲ ಬೆಲೆ ಬರಿಯ ಸಂಖ್ಯೆ. 2025ರ ನವೆಂಬರಿನಲ್ಲಿ ದರ ಕುಸಿದಾಗ ಶಿರಹಟ್ಟಿ ಕ್ಷೇತ್ರದ ಲಕ್ಷ್ಮೇಶ್ವರದಲ್ಲಿ ರೈತರು ಖರೀದಿ ಕೇಂದ್ರಕ್ಕಾಗಿ ಹೋರಾಟಕ್ಕೆ ಕೂತರು. ಕೇಂದ್ರ ಖರೀದಿಸಲಿ ಎಂದು ರಾಜ್ಯ, ರಾಜ್ಯ ಮುಂದಾಗಲಿ ಎಂದು ಬಿಜೆಪಿ. ಮೆಣಸಿನಕಾಯಿ ವರ್ಷದ ಮಾತೇ ಗೋವಿನಜೋಳದಲ್ಲೂ ಮರುಕಳಿಸಿತು. ಗೊಬ್ಬರದ ವಿಷಯದಲ್ಲಿ ಹಾವೇರಿಗೆ ಇನ್ನೂ ಕಹಿಯಾದ ನೆನಪಿದೆ. 2008ರ ಜೂನ್ 10ರಂದು, ರಾಜ್ಯದಲ್ಲಿ ಬಿಜೆಪಿಯ ಮೊದಲ ಸರ್ಕಾರ ಬಂದ ಕೆಲವೇ ದಿನಗಳಲ್ಲಿ, ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗೋಲಿಬಾರ್ ನಡೆಯಿತು; ಇಬ್ಬರು ರೈತರ ಜೀವ ಹೋಯಿತು. ಗೊಬ್ಬರದ ಹಂಚಿಕೆ ಕೇಂದ್ರದಿಂದ, ವಿತರಣೆ ರಾಜ್ಯದಿಂದ. ಆಗ ದೆಹಲಿಯಲ್ಲಿ ಕಾಂಗ್ರೆಸ್ ನೇತೃತ್ವದ ಸರ್ಕಾರ, ಬೆಂಗಳೂರಿನಲ್ಲಿ ಬಿಜೆಪಿ. ಈಗ ಅದು ತಿರುವುಮುರುವು. ಪಕ್ಷಗಳ ವಾದಗಳೂ ಅಷ್ಟೇ ಸಲೀಸಾಗಿ ಅದಲು ಬದಲಾಗಿವೆ.

ನೀರು, ರೈಲು, ಬರ ಪರಿಹಾರ

ಹಿರೇಕೆರೂರು, ರಾಣೇಬೆನ್ನೂರು, ಬ್ಯಾಡಗಿ ಭಾಗಕ್ಕೆ ನೀರು ತರುವ ತುಂಗಾ ಮೇಲ್ದಂಡೆ ರಾಜ್ಯದ ಯೋಜನೆ. ಮಹದಾಯಿಯ ಕಥೆ ಬೇರೆ: 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು, 2022ರ ಕೊನೆಗೆ ಕೇಂದ್ರ ಜಲ ಆಯೋಗ ಆ ನೀರು ತರುವ ಕಳಸಾ–ಬಂಡೂರಿಯ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಅರಣ್ಯ ಮತ್ತು ವನ್ಯಜೀವಿ ಅನುಮತಿಯಲ್ಲಿ ಕಾಮಗಾರಿ ಸಿಕ್ಕಿಕೊಂಡಿತು. ಇದು ಸಂಸದರ ಕೆಲಸ, ಅನುಮಾನವೇ ಇಲ್ಲ. ಬೇಡ್ತಿ–ವರದಾ ನದಿ ಜೋಡಣೆಯೂ ಕೇಂದ್ರದ ಅಂಗಳದ್ದೇ. ಹಾವೇರಿ, ಗದಗ ಕಡೆಯವರು ಬೇಕೆನ್ನುವ ಅದನ್ನು ಉತ್ತರ ಕನ್ನಡದವರು ಬೇಡವೆನ್ನುತ್ತಾರೆ, ಎರಡೂ ಕಡೆ ಎರಡೂ ಪಕ್ಷಗಳ ನಾಯಕರಿದ್ದಾರೆ. ರೈಲಿನಲ್ಲಿ ಶಿವಮೊಗ್ಗ–ಶಿಕಾರಿಪುರ–ರಾಣೇಬೆನ್ನೂರು ಮಾರ್ಗ, ಲಕ್ಷ್ಮೇಶ್ವರ ಭಾಗ ಬಹುಕಾಲದಿಂದ ಕೇಳುತ್ತಿರುವ ಗದಗ–ಯಲವಿಗಿ ಮಾರ್ಗ ಮುಖ್ಯ. ಮಂಜೂರು ಕೇಂದ್ರದ್ದು, ಭೂಮಿ ಬಿಡಿಸಿಕೊಡುವುದು ರಾಜ್ಯದ್ದು.

2023ರಲ್ಲಿ ರಾಜ್ಯದ 236ರಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 2024ರ ಏಪ್ರಿಲ್ ಕೊನೆಗೆ, ಅಂದರೆ ಹಾವೇರಿಯ ಮತದಾನಕ್ಕೆ ಕೆಲವೇ ದಿನ ಮೊದಲು, ಕೇಂದ್ರ ಬಿಡುಗಡೆ ಮಾಡಿದ್ದು ಸುಮಾರು 3,454 ಕೋಟಿ. ತೆರಿಗೆ ಪಾಲಿನ ಜಗಳ ಇದಕ್ಕೆ ಕೂಡಿಕೊಂಡಿತು: 15ನೇ ಹಣಕಾಸು ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿದಿತ್ತು. ಆಯೋಗದ ಸೂತ್ರ ಕೇಂದ್ರ ಸರ್ಕಾರ ಬರೆದದ್ದಲ್ಲ ಎಂಬ ಬಿಜೆಪಿಯ ಉತ್ತರದಲ್ಲಿ ಸತ್ಯವಿದೆ. ರಾಜ್ಯದ 28ರಲ್ಲಿ 25 ಸಂಸದರಿದ್ದ ಪಕ್ಷ ಅದನ್ನು ಸಂಸತ್ತಿನಲ್ಲಿ ಗಟ್ಟಿಯಾಗಿ ಎತ್ತಲಿಲ್ಲವೆಂಬ ಕಾಂಗ್ರೆಸ್ಸಿನ ಆರೋಪವೂ ತಳ್ಳಿಹಾಕುವಂಥದ್ದಲ್ಲ.

ಮೀಸಲಾತಿ

ಬೊಮ್ಮಾಯಿ ಸರ್ಕಾರ 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ 15ರಿಂದ 17ಕ್ಕೂ ಪರಿಶಿಷ್ಟ ಪಂಗಡದ್ದನ್ನು ಶೇ 3ರಿಂದ 7ಕ್ಕೂ ಏರಿಸಿತು. 2023ರ ಮಾರ್ಚಿನಲ್ಲಿ ಮುಸ್ಲಿಮರ ಶೇ 4ರ 2ಬಿ ಮೀಸಲಾತಿ ತೆಗೆದು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ 2 ಹಂಚಿತು. ಆ ಆದೇಶ ಸುಪ್ರೀಂ ಕೋರ್ಟಿಗೆ ಹೋಗಿ ಜಾರಿಯಾಗದೆ ನಿಂತಿತು. ಲಿಂಗಾಯತರೊಳಗಿನ ಪಂಚಮಸಾಲಿಗಳ 2ಎ ಮೀಸಲಾತಿಯ ಬೇಡಿಕೆ ರಾಜ್ಯದ ಪಟ್ಟಿಗೆ ಸಂಬಂಧಿಸಿದ್ದು. ಕುರುಬರ ಬೇಡಿಕೆ ಹಾಗಲ್ಲ. 2021ರ ಜನವರಿಯಲ್ಲಿ ಕಾಗಿನೆಲೆ ಕನಕ ಗುರುಪೀಠದ ನಿರಂಜನಾನಂದಪುರಿ ಸ್ವಾಮೀಜಿ ಬೆಂಗಳೂರಿಗೆ ಪಾದಯಾತ್ರೆ ಹೊರಟಿದ್ದು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು. ಆ ಪಟ್ಟಿಯನ್ನು ಬದಲಿಸುವ ಅಧಿಕಾರ ಇರುವುದು ಸಂಸತ್ತಿಗೆ ಮಾತ್ರ. ಶೇ 50ರ ಮಿತಿ ಎತ್ತುವುದೂ ದೆಹಲಿಯ ಕೆಲಸ. ಕದರಮಂಡಲಗಿ ಸೀಮೆಗೆ ಇಷ್ಟು ಹತ್ತಿರದ ಈ ವಿಷಯದಲ್ಲಿ ಎರಡೂ ಪಕ್ಷಗಳು ವೇದಿಕೆಯ ಮೇಲೆ ಸಹಾನುಭೂತಿ ತೋರಿಸಿವೆ, ಕಾಲಮಿತಿ ಹೇಳಿಲ್ಲ.

ಪಕ್ಷ ಮತ್ತು ವ್ಯಕ್ತಿ

ಈ ಕ್ಷೇತ್ರದಲ್ಲಿ ಪಕ್ಷದ ಚರಿತ್ರೆಯನ್ನು ವ್ಯಕ್ತಿಗಳ ಚರಿತ್ರೆಯಿಂದ ಬಿಡಿಸುವುದು ಕಷ್ಟ. ಬಿಜೆಪಿಗೆ ಮೊದಲ ಜಯ ತಂದ ಕುನ್ನೂರರೇ 2009ರಲ್ಲಿ ಧಾರವಾಡದಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾದರು. ಬೊಮ್ಮಾಯಿ ಜನತಾ ಪರಿವಾರದಿಂದ 2008ರಲ್ಲಿ ಬಿಜೆಪಿಗೆ ಬಂದವರು. ಬಿ.ಎಸ್. ಯಡಿಯೂರಪ್ಪ ಬಿಜೆಪಿ ತೊರೆದು ಕರ್ನಾಟಕ ಜನತಾ ಪಕ್ಷದ ಸಮಾವೇಶ ನಡೆಸಿದ್ದು 2012ರ ಡಿಸೆಂಬರ್ 9ರಂದು ಹಾವೇರಿಯಲ್ಲೇ. ಶಿವಕುಮಾರರ ತಂದೆ ಸಿ.ಎಂ. ಉದಾಸಿ ಅದರ ಜೊತೆ ಹೋದರು. ಒಂದು ವರ್ಷದ ನಂತರ ಇಬ್ಬರೂ ಬಿಜೆಪಿಗೆ ಮರಳಿದರು. ಆ ಪಕ್ಷದಿಂದ 2013ರಲ್ಲಿ ಹಿರೇಕೆರೂರಿನಲ್ಲಿ ಗೆದ್ದ ಬಣಕಾರರು ಇಂದು ಕಾಂಗ್ರೆಸ್ ಶಾಸಕರು. ಅವರ ಎದುರಾಳಿ ಬಿ.ಸಿ. ಪಾಟೀಲ ಜೆಡಿಎಸ್, ಕಾಂಗ್ರೆಸ್, ಬಿಜೆಪಿ ಮೂರನ್ನೂ ಸುತ್ತಿದವರು. 2018ರಲ್ಲಿ ರಾಣೇಬೆನ್ನೂರು ಗೆದ್ದ ಆರ್. ಶಂಕರ್ ಅವರದು ಕರ್ನಾಟಕ ಪ್ರಜ್ಞಾವಂತ ಜನತಾ ಪಕ್ಷ. 2023ರಲ್ಲಿ ಸ್ಪರ್ಧಿಸಿದ್ದು ಎನ್‌ಸಿಪಿಯಿಂದ. 2024ರ ಹಾವೇರಿ ಟಿಕೆಟ್ಟನ್ನು ಮಗ ಕೆ.ಇ. ಕಾಂತೇಶರಿಗೆ ಕೇಳಿ ಸಿಗದೆ ಬಿಜೆಪಿಯ ಕೆ.ಎಸ್. ಈಶ್ವರಪ್ಪ ಶಿವಮೊಗ್ಗದಲ್ಲಿ ಬಂಡಾಯ ಎದ್ದರು. ಜೆಡಿಎಸ್ 2023ರ ಸೆಪ್ಟೆಂಬರಿನಲ್ಲಿ ಬಿಜೆಪಿ ಕೂಟ ಸೇರಿದ್ದರಿಂದ ಅದಕ್ಕೆ ಇಲ್ಲಿ ಅಭ್ಯರ್ಥಿಯೇ ಇರಲಿಲ್ಲ.

ಬಸವರಾಜ ಬೊಮ್ಮಾಯಿಯವರ ತಂದೆ, ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರನ್ನು ಕೊಟ್ಟದ್ದೂ ಇದೇ ಜಿಲ್ಲೆ. 1989ರ ಏಪ್ರಿಲ್ 21ರಂದು ಅವರ ಸರ್ಕಾರ ವಜಾ ಆಯಿತು. ಬಹುಮತದ ಪರೀಕ್ಷೆ ರಾಜಭವನದಲ್ಲಿ ಅಲ್ಲ, ಸದನದಲ್ಲಿ ನಡೆಯಬೇಕೆಂದು 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿಗೆ ಅವರ ಹೆಸರೇ ನಿಂತಿದೆ. ಒಕ್ಕೂಟ ವ್ಯವಸ್ಥೆಯ ಬಗ್ಗೆ ಪಕ್ಷಗಳ ನಿಲುವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ದೇಶದಲ್ಲಿ ಇಲ್ಲ.

ಹೋಲಿಕೆಯ ಸಾಧನಗಳು

ನೆದರ್ಲೆಂಡ್ಸ್‌ನಲ್ಲಿ 1989ರಲ್ಲಿ, ಜರ್ಮನಿಯಲ್ಲಿ 2002ರಲ್ಲಿ ಮತದಾರರಿಗಾಗಿ ಪ್ರಶ್ನಾವಳಿಗಳು ಬಂದವು: ಒಂದೊಂದು ಹೇಳಿಕೆಗೂ ಒಪ್ಪಿಗೆ ಇದೆಯೋ ಇಲ್ಲವೋ ಎಂದು ಗುರುತಿಸಿದರೆ ಯಾವ ಪಕ್ಷ ತನ್ನ ನಿಲುವಿಗೆ ಹತ್ತಿರವೆಂದು ತಿಳಿಯುತ್ತದೆ. ಹತ್ತಾರು ಪಕ್ಷಗಳ ಪ್ರಮಾಣಾನುಗುಣ ಪದ್ಧತಿಗೆ ಅದು ಒಗ್ಗುತ್ತದೆ. ಒಬ್ಬರನ್ನೇ ಆರಿಸುವ ಹಾವೇರಿಯಲ್ಲಿ ಅಭ್ಯರ್ಥಿಯ ಪ್ರಮಾಣಪತ್ರದಲ್ಲಿನ ಆಸ್ತಿ ಮತ್ತು ಮೊಕದ್ದಮೆಗಳ ವಿವರ, ಹಾಲಿ ಸಂಸದರ ಹಾಜರಿ ಮತ್ತು ಸದನದಲ್ಲಿ ಕೇಳಿದ ಪ್ರಶ್ನೆಗಳು, ವರ್ಷಕ್ಕೆ 5 ಕೋಟಿಯ ಸಂಸದರ ನಿಧಿ ಯಾವ ಊರಿಗೆ ಹೋಯಿತೆಂಬ ಲೆಕ್ಕ ಹೆಚ್ಚು ಉಪಯುಕ್ತ. ಇವೆಲ್ಲ ಸಾರ್ವಜನಿಕ ದಾಖಲೆಗಳೇ. ಆದರೆ ಗ್ರಾಮ ಪಂಚಾಯಿತಿಯ ಫಲಕದ ಮೇಲೆ, ಕನ್ನಡದಲ್ಲಿ, ಮತದಾನಕ್ಕೆ ಮೊದಲು ಅವು ಕಾಣಿಸಬೇಕು.

2024ರ ನಂತರ

ಲೋಕಸಭೆಯಲ್ಲಿ ರಾಜ್ಯದಿಂದ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2 ಸ್ಥಾನ ಪಡೆದವು. ಬೊಮ್ಮಾಯಿ ಸಂಸದರಾದ್ದರಿಂದ ತೆರವಾದ ಶಿಗ್ಗಾಂವಿಯಲ್ಲಿ ನವೆಂಬರ್ 13ರಂದು ಉಪಚುನಾವಣೆ ನಡೆಯಿತು. ಅವರ ಮಗ ಭರತ್ ಬೊಮ್ಮಾಯಿಯವರನ್ನು ಕಾಂಗ್ರೆಸ್ಸಿನ ಯಾಸೀರ್ ಅಹ್ಮದ್ ಖಾನ್ ಪಠಾಣ 13 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಅಲ್ಲಿಗೆ ಹಾವೇರಿ ಜಿಲ್ಲೆಯ ಆರೂ ಶಾಸಕರು ಕಾಂಗ್ರೆಸ್ಸಿನವರು, ಸಂಸದರು ಬಿಜೆಪಿಯವರು.